ನಾಲ್ಕನೆಯ ಸಾಲು

"ವೇರ್ ಈಸ್ ಕಾವೇರಿ?" ಎಂದು ಚೆನ್ನೈ ಮೇಡಂ ಕೇಳಿದ್ದು ಈಶಪ್ಪನಿಗೆ ಪೂರ್ತಿ ಅರ್ಥವಾಯಿತು. ಬೇರೆ ದಿನವಾಗಿದ್ದರೆ ಒಂದು ಇಂಗ್ಲಿಷ್ ಪ್ರಶ್ನೆ ತಾನಾಗಿ ತಿಳಿಯಿತಲ್ಲ ಎಂದು ಹಿಗ್ಗುತ್ತಿದ್ದ. ಇವತ್ತು ಕೇಳಿಸದವನ ಹಾಗೆ ಕೆರೆಯ ಕಡೆ ನೋಡಿದ. ನಸುಕಿನಲ್ಲಿ ಕಡಲೆ ಹೊಲ ಮೇಯಲು ಹೋಗಿದ್ದ ಹೆಬ್ಬಾತುಗಳು ತಿರುಗಿ ಬಂದು ಮಾಗಡಿ ಕೆರೆಯ ನೀರಿಗೆ ಇಳಿಯುತ್ತಿದ್ದವು.

ಈಶಪ್ಪ ಆ ಕೆರೆಯ ದಿನಗೂಲಿ ಕಾವಲುಗಾರ. ಅರಣ್ಯ ಇಲಾಖೆಯವರು ಅವನಿಗೆ ಕೊಟ್ಟದ್ದು ಒಂದು ಖಾಕಿ ಅಂಗಿ, ಒಂದು ಸೀಟಿ. ಇಂಗ್ಲಿಷ್ ಕೊಟ್ಟವಳು ಮಗಳು ಕಾವೇರಿ. ಚಳಿಗಾಲದಲ್ಲಿ ಹಕ್ಕಿ ನೋಡಲು ಬರುವ ದೂರದ ಊರಿನವರು ಏನಾದರೂ ಕೇಳಿದರೆ ಮೊದಲೆಲ್ಲ ಅವನು ಗಾಬರಿಯಾಗಿ ಸೀಟಿ ಊದಿಬಿಡುತ್ತಿದ್ದ. ಏನೋ ತಪ್ಪು ಮಾಡಿದೆವೆಂದು ಅವರು ಹಿಂದೆ ಸರಿಯುತ್ತಿದ್ದರು. ಇದನ್ನು ಕಂಡು ಕಾವೇರಿ ಬಿದ್ದು ಬಿದ್ದು ನಕ್ಕಿದ್ದಳು. ಆಗ ಅವಳು ಲಕ್ಷ್ಮೇಶ್ವರದಲ್ಲಿ ಪಿಯುಸಿ ಓದುತ್ತಿದ್ದಳು. ಹಳೆಯದೊಂದು ಲಗ್ನಪತ್ರಿಕೆಯ ಬೆನ್ನಿಗೆ ಕನ್ನಡ ಅಕ್ಷರದಲ್ಲಿ ನಾಲ್ಕು ಸಾಲು ಬರೆದುಕೊಟ್ಟಳು. ಸಿನ್ಸ್ ನವೆಂಬರ್. ಫಾರ್ ಫೋರ್ ಮಂತ್ಸ್. ಟಿಲ್ ಮಾರ್ಚ್. ನೆಕ್ಸ್ಟ್ ಇಯರ್ ಅಗೇನ್ ಕಮಿಂಗ್.

"ಅಪ್ಪಾ, ಬಂದವ್ರು ಮೊದಲ ಯಾವಾಗಿಂದ ಅದಾವ ಅಂತ ಕೇಳ್ತಾರ. ಆಮ್ಯಾಲೆ ಎಷ್ಟ ದಿನ ಇರ್ತಾವ ಅಂತ. ಆಮ್ಯಾಲೆ ಯಾವಾಗಿನ ತನಕ ಅಂತ. ನೀ ಸಾಲು ಹಿಡದ ಹೇಳ್ಕೋಂತ ಹೋಗು. ಅವ್ರು ಏನ ಕೇಳಿದ್ರೂ, ನಾಕರಾಗ ಒಂದರ ತಾಗತೈತಿ."

"ನಾಕನೇದು ಯಾರೂ ಕೇಳಂಗಿಲ್ಲಲ್ಲವಾ?"

"ಕೇಳದಿದ್ರೂ ಹೇಳು. ಅಷ್ಟು ದೂರಿಂದ ಬಂದಿರ್ತಾರ. ಹಕ್ಕಿ ಹೋಗ್ತಾವ ಅಂತ ಕೇಳಿ ಮಾರಿ ಸಣ್ಣದ ಮಾಡ್ಕೊಂಡು ಹೋಗಬಾರ್ದು."

ಈ ಮೇಡಂ ಕಾಲೇಜಿನಲ್ಲಿ ಕಲಿಸಿ ನಿವೃತ್ತರಾದವರು. ಪ್ರತಿ ಜನವರಿಯಲ್ಲಿ ಬಂದು ಮೂರು ದಿನ ಕೂತು ಹಕ್ಕಿ ಎಣಿಸುತ್ತಾರೆ. ತಮಿಳು, ಇಂಗ್ಲಿಷ್ ಬಿಟ್ಟರೆ ಬೇರೆ ಬಾರದು. ಹೋದ ವರ್ಷ ಈಶಪ್ಪನ ನಾಲ್ಕನೆಯ ಸಾಲು ಕೇಳಿ ನಕ್ಕು, ಅದು ಹಾಗಲ್ಲ, 'ದೇ ಕಮ್ ಬ್ಯಾಕ್ ಎವ್ರಿ ಇಯರ್' ಎನ್ನಬೇಕು ಎಂದು ತಿದ್ದಿದ್ದರು. ಕಾವೇರಿ ಒಪ್ಪಿರಲಿಲ್ಲ. ಅದೆಲ್ಲ ನಮ್ಮಪ್ಪನ ನಾಲಿಗೆಗೆ ಹೊರಳುವುದಿಲ್ಲ, ಇದೇ ಇರಲಿ ಎಂದು ತನಗೆ ಬಂದ ಇಂಗ್ಲಿಷಿನಲ್ಲೇ ವಾದ ಮಾಡಿ ಗೆದ್ದಿದ್ದಳು. ಆಮೇಲೆ ಸಂಜೆಯವರೆಗೂ ಅವರ ದುರ್ಬೀನು ಕಣ್ಣಿಗೆ ಹಚ್ಚಿಕೊಂಡು ಕೂತಿದ್ದಳು. ಮುಂದಿನ ವರ್ಷ ನಿನಗೊಂದು ತರುತ್ತೇನೆ ಎಂದು ಮೇಡಂ ಮಾತು ಕೊಟ್ಟಿದ್ದರು.

ಈಗ ಚೀಲದಿಂದ ಒಂದು ಡಬ್ಬಿ ತೆಗೆದು, "ಕಾವೇರಿ?" ಎಂದು ಮತ್ತೆ ಕೇಳಿದರು.

ಕಾವೇರಿ ಶ್ರಾವಣದಲ್ಲಿ ತೀರಿಕೊಂಡಿದ್ದಳು. ಊರಿಗೆ ಅದನ್ನು ಅವನು ಹೇಳಬೇಕಾಗಿ ಬಂದಿರಲಿಲ್ಲ. ಗದಗಿನ ದವಾಖಾನೆಯಿಂದ ಗಾಡಿ ಬರುವಷ್ಟರಲ್ಲಿ ಊರೇ ಅಂಗಳದಲ್ಲಿ ಸೇರಿತ್ತು. ಬೀಗರು ಬಿಜ್ಜರಿಗೆಲ್ಲ ಫೋನು ಮಾಡಿದವನು ಹೆಂಡತಿಯ ತಮ್ಮ ಭೀಮೇಶ. ಐದು ತಿಂಗಳಾದರೂ ಆ ಮಾತು ಈಶಪ್ಪನ ಬಾಯಿಂದ ಒಂದು ಸಲವೂ ಹೊರಬಿದ್ದಿರಲಿಲ್ಲ. ಮನೆಯಲ್ಲಿ ಹೆಂಡತಿ ಅನ್ನಪೂರ್ಣ ಅಳಲು ಶುರುಮಾಡಿದರೆ ಎದ್ದು ಕೆರೆಗೆ ಬಂದುಬಿಡುತ್ತಿದ್ದ. ಕೆರೆಯಲ್ಲಿ ಕಾವೇರಿಯನ್ನು ಕೇಳುವವರು ಯಾರೂ ಇರಲಿಲ್ಲ.

ಮೇಡಂ ಬಂದ ಕಾರಿನ ಡ್ರೈವರ್ ಇಜಾಜ ಗದಗಿನವನು, ಇಂಗ್ಲಿಷ್ ಬಲ್ಲವನು. ಬೇವಿನ ನೆರಳಿನಲ್ಲಿ ಸೀಟು ಚಾಚಿ ಮಲಗಿದ್ದ. ಅವನನ್ನು ಕರೆದರೆ ಎರಡು ಮಾತಿನಲ್ಲಿ ಮುಗಿಯುತ್ತಿತ್ತು. ಈಶಪ್ಪ ಆ ಕಡೆ ನಾಲ್ಕು ಹೆಜ್ಜೆ ಹೋದ, ನಿಂತ. ಮಗಳ ಸಾವನ್ನು ಅವಳ ಮುಖವನ್ನೇ ಕಾಣದವನ ಬಾಯಿಂದ ಹೇಳಿಸುವುದೇ? ಅವಳು ಇಷ್ಟು ಕಲಿಸಿಕೊಟ್ಟ ಮೇಲೂ? ತಿರುಗಿ ಬಂದ.

"ಕಾವೇರಿ... ಫೀವರ್," ಎಂದ.

"ಓ. ಸಿನ್ಸ್ ವೆನ್?"

ಮೊದಲನೆಯ ಪ್ರಶ್ನೆ ಮಗಳು ಹೇಳಿದಂತೆಯೇ ಬಂತು. ಈಶಪ್ಪ ಸಾಲು ಹಿಡಿದ. ವಾರದ ಹೆಸರುಗಳನ್ನು ಇಲಾಖೆಯ ಸಾಹೇಬರ ಬಾಯಲ್ಲಿ ಕೇಳಿ ಕೇಳಿ ಬಲ್ಲವನಾಗಿದ್ದ. "ಸಿನ್ಸ್ ವೆಡ್ನೆಸ್‌ಡೇ. ಫಾರ್ ನೈನ್ ಡೇಸ್." ಮೂರನೆಯ ಸಾಲಿಗೆ ಬಂದ. "ಟಿಲ್ ಥರ್ಸ್‌ಡೇ."

ಮೇಡಂ ಮುಖ ಅರಳಿತು. "ಥ್ಯಾಂಕ್ ಗಾಡ್," ಎಂದು ಎದೆಯ ಮೇಲೆ ಕೈ ಇಟ್ಟುಕೊಂಡರು. ಡಬ್ಬಿಯನ್ನು ಅವನ ಕೈಗೆ ಕೊಟ್ಟರು.

ಆ ನಗೆ ನೋಡಿ ಈಶಪ್ಪನಿಗೆ ಏನಾಯಿತೆಂದು ಗೊತ್ತಾಯಿತು. ಅವನು ಹೇಳಿದ್ದರಲ್ಲಿ ಸುಳ್ಳೊಂದೂ ಇರಲಿಲ್ಲ. ಬುಧವಾರ ಬಂದ ಜ್ವರ ಒಂಬತ್ತು ದಿನ ಇತ್ತು, ಮರುವಾರದ ಗುರುವಾರ ನಿಂತಿತು. ಇಂಥದೊಂದು ನಗೆ ಕಂಡೀತೇ ಎಂದು ಆ ಒಂಬತ್ತೂ ದಿನ ಅವನು ದವಾಖಾನೆಯ ಕಟ್ಟೆಯ ಮೇಲೆ ಕೂತು ಡಾಕ್ಟರರ ಮುಖ ನೋಡಿದ್ದ. ಈಗ ಅದು ಕಂಡಿತ್ತು. ಸುಮ್ಮನಿದ್ದುಬಿಡಲೇ ಅನ್ನಿಸಿತು. ಚೆನ್ನೈನಲ್ಲಿ ಒಬ್ಬರ ಪಾಲಿಗಾದರೂ ಕಾವೇರಿ ಜ್ವರ ಬಿಟ್ಟು ಎದ್ದು ಓಡಾಡಿಕೊಂಡಿರುತ್ತಾಳೆ. ಅದರಿಂದ ಯಾರ ಗಂಟು ಹೋಗುತ್ತದೆ?

ಅವನು ಹೆಚ್ಚುಕಡಿಮೆ ಸುಮ್ಮನೇ ಇದ್ದುಬಿಡುತ್ತಿದ್ದ. ಆದರೆ ಮೇಡಂ ಕಲ್ಲುಬೆಂಚಿನ ಮೇಲೆ ಕೂತರು. ಪಕ್ಕದ ಜಾಗವನ್ನು ಅಂಗೈಯಿಂದ ಒರೆಸಿದರು. "ಕಾಲ್ ಹರ್. ಐ ವಿಲ್ ವೇಟ್," ಎಂದು ಊರ ಕಡೆ ಕೈ ತೋರಿಸಿದರು.

ಎಪ್ಪತ್ತರ ಹೆಂಗಸು. ಕಾಯುತ್ತೇನೆಂದರೆ ಸಂಜೆಯವರೆಗೂ ಕಾಯುವವರು. ಈಶಪ್ಪ ಊರ ದಾರಿ ನೋಡಿದ. ಆ ದಾರಿಯಲ್ಲಿ ಯಾರೂ ಬರುವವರಿರಲಿಲ್ಲ. ಅವನು ಡಬ್ಬಿಯನ್ನು ಬೆಂಚಿನ ತುದಿಗೆ ಇಟ್ಟ, ಬಗ್ಗಿ ದಂಡೆಯ ಕರಿಮಣ್ಣು ಒಂದು ಹಿಡಿ ತೆಗೆದುಕೊಂಡ. ಅವರೆದುರು ಮುಷ್ಟಿ ಹಿಡಿದು ಮೆಲ್ಲಗೆ ಬಿಚ್ಚಿದ. ಮಣ್ಣು ಅವನ ಪಾದದ ಬಳಿ ಉದುರಿತು.

"ಮಣ್ಣ ಕೊಟ್ವಿರಿ," ಎಂದ. ದನಿ ಅವನದೇ ಎಂದು ಅವನಿಗೇ ಅನ್ನಿಸಲಿಲ್ಲ. "ಈ ಕೈಲೇ ಕೊಟ್ಟೇನ್ರಿ. ಕಾವೇರಿ ಇಲ್ರಿ."

ಮೇಡಂ ಉದುರಿದ ಮಣ್ಣನ್ನು ನೋಡಿದರು, ಅವನ ಮುಖ ನೋಡಿದರು. ಅವರ ಬಾಯಿಂದ ತಮಿಳಿನಲ್ಲಿ ಏನೋ ಬಂತು. ಈಶಪ್ಪನಿಗೆ ತಿಳಿಯಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ. ಮಣ್ಣು ಮೆತ್ತಿದ ಅವನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಬೆಂಚಿಗೆ ಕೂರಿಸಿದರು. ಅವನು ಅತ್ತ. ಶ್ರಾವಣದಿಂದ ಅಳದೆ ಉಳಿಸಿಕೊಂಡಿದ್ದನ್ನೆಲ್ಲ ಗುರುತಿಲ್ಲದ ಭಾಷೆಯ ಹೆಂಗಸಿನ ಪಕ್ಕ ಕೂತು ಅತ್ತು ಮುಗಿಸಿದ. ಡಬ್ಬಿ ಅವರ ಕಡೆ ಸರಿಸಿದರೆ ಅವರು ತಿರುಗಿ ಅವನ ಕಡೆಗೇ ಸರಿಸಿದರು.

ಅಷ್ಟರಲ್ಲಿ ಗೋವಾದ ವ್ಯಾನೊಂದು ಬಂದು ನಿಂತಿತು. ಐದಾರು ಜನ ಇಳಿದು ಕೆರೆ ನೋಡಿ ಮೊಬೈಲು ಎತ್ತಿದರು. ಖಾಕಿ ಅಂಗಿ ಕಂಡು ಒಬ್ಬಳು ಹತ್ತಿರ ಬಂದು ಇಂಗ್ಲಿಷಿನಲ್ಲಿ ಹಕ್ಕಿಗಳ ಬಗ್ಗೆ ಏನೋ ಕೇಳಿದಳು. ಈಶಪ್ಪ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ಎದ್ದು ನಿಂತ. ಕೆಲಸ ಕೆಲಸವೇ.

"ಸಿನ್ಸ್ ನವೆಂಬರ್," ಎಂದ. "ಫಾರ್ ಫೋರ್ ಮಂತ್ಸ್. ಟಿಲ್ ಮಾರ್ಚ್."

ನಾಲ್ಕನೆಯ ಸಾಲು ಹೊರಡಲಿಲ್ಲ. "ಓ, ದೆನ್ ದೇ ಗೋ?" ಎಂದಳು ಆ ಹುಡುಗಿ. ಅವಳ ಮುಖ ಸಣ್ಣದಾಯಿತು.

"ನೆಕ್ಸ್ಟ್ ಇಯರ್ ಅಗೇನ್ ಕಮಿಂಗ್," ಎಂದು ಬೆಂಚಿನಿಂದ ಮೇಡಂ ಹೇಳಿದರು. ಕಾವೇರಿ ಬರೆದುಕೊಟ್ಟಿದ್ದ ಹಾಗೆಯೇ, ಒಂದಕ್ಷರವನ್ನೂ ತಿದ್ದದೆ.

ಹುಡುಗಿ ನಕ್ಕು ನೀರಿನ ಕಡೆ ಹೋದಳು. ಈಶಪ್ಪ ತಿರುಗಿ ನೋಡಲಿಲ್ಲ. ಹೆಬ್ಬಾತುಗಳ ಕಡೆಯದೊಂದು ಸಾಲು ಹೊಲದಿಂದ ಬಂದು ಕೆರೆಯ ಮೇಲೆ ಸುತ್ತು ಹಾಕುತ್ತಿತ್ತು. ಅದು ಇಳಿಯುವವರೆಗೂ ಅವನು ನಿಂತೇ ಇದ್ದ.