ನೆತ್ತಿಚುಕ್ಕಿ ಮೀನು

ಸಣ್ಣ ಮೀನನ್ನು ಮೇಲಿನಿಂದ ನೋಡಬೇಕು, ಪಕ್ಕದಿಂದಲ್ಲ ಎನ್ನುವುದು ಗೈಬುಸಾಬನ ಮೊದಲ ಪಾಠ. ಪಕ್ಕದಿಂದ ನೋಡಿದರೆ ಬೆರಳುದ್ದದ ಮೀನುಗಳೆಲ್ಲ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಓದಿದವರು ಮೋಸ ಹೋಗುವುದು ಅಲ್ಲಿಯೇ. ವಿಜಾಪುರದ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಮಗ್ಗುಲಿಗೆ ಮನೆ ಮಾಡಿಕೊಂಡಿದ್ದ ಈ ಮುದುಕ ನಲವತ್ತು ವರ್ಷ ಹೊಂಡ, ಬಾವಿಗಳಲ್ಲಿ ಬಲೆ ಬೀಸಿದವನು. ಒಂದಕ್ಷರ ಬಾರದು, ಆದರೆ ಮೀನಿನ ಜಾತಿ ಹೇಳುವುದರಲ್ಲಿ ಅವನನ್ನು ಮೀರಿಸುವವರು ಊರಲ್ಲಿರಲಿಲ್ಲ.

ಸಾವಿರದ ಒಂಬೈನೂರ ನಲವತ್ತನಾಲ್ಕರಲ್ಲಿ, ಮಳೆ ಶುರುವಾಗುವ ಮೊದಲು, ಚಳಿಜ್ವರ ತಡೆಯುವ ಇಲಾಖೆಯ ಸಾಹೇಬನೊಬ್ಬ ಅವನನ್ನು ಹುಡುಕಿಕೊಂಡು ಬಂದ. ಸೊಳ್ಳೆಯ ಮರಿಹುಳ ತಿನ್ನುವ ಮೀನನ್ನು ಹಳ್ಳಿಯ ಬಾವಿಗಳಿಗೆ ಬಿಡಬೇಕಿತ್ತು. ಸಾಹೇಬನ ಕೈಯಲ್ಲಿ ಒಂದು ಅಚ್ಚಿನ ಚಿತ್ರ, ಸ್ಪಿರಿಟ್ ತುಂಬಿದ ಶೀಸೆಯಲ್ಲಿ ಒಂದು ಸತ್ತ ಮೀನು. ಚಿತ್ರ ನೋಡಿ ತಾನೇ ಆರಿಸಿದ ಒಂದು ಕೊಡ ಮೀನನ್ನು ಅವನು ಆಗಲೇ ಬಬಲೇಶ್ವರದ ಬಾವಿಗೆ ಸುರಿದು ಬಂದಿದ್ದ. ಅವೆಲ್ಲ ಕೆಸರು ಮೇಯುವ ಜಾತಿ, ಸೊಳ್ಳೆಗಳು ಅಲ್ಲಿ ಸುಖವಾಗಿದ್ದವು.

ಗೈಬುಸಾಬ ಪಿಂಗಾಣಿ ತಟ್ಟೆಗೆ ನೀರು ಹಾಕಿ ಎರಡು ಜಾತಿಯ ಒಂದೊಂದು ಮೀನು ಬಿಟ್ಟ.

"ಇದರ ಬಾಯಿ ನೋಡ್ರಿ ಸಾಹೇಬ್ರ, ಕೆಳಗ ತಿರಗೇತಿ. ಇದು ತಳದಾಗ ಹುಡುಕಿ ತಿನ್ನೂದು. ಇದರ ಬಾಯಿ ನೋಡ್ರಿ, ಮ್ಯಾಲ ತೆರದೈತಿ. ನೀರ ಮ್ಯಾಲಿನ ಹುಳಾ ತಿನ್ನಾಕಂತನ ಹುಟ್ಟೇತಿ. ತಲಿ ಚಪ್ಪಟಿ, ಬೆನ್ನಿನ ರೆಕ್ಕಿ ಬಾಲದ ಹತ್ರ. ನೆತ್ತಿ ಮ್ಯಾಲ ಬೆಳ್ಳಿ ಚುಕ್ಕಿ. ಸತ್ತಿಂದ ಆ ಚುಕ್ಕಿ ಮಾಸತೈತಿ, ಅದಕ್ಕ ನಿಮ್ಮ ಶೀಸಾದಾಗಿನ ಮೀನಿಗೆ ಅದು ಇಲ್ಲ."

ಸಾಹೇಬ ಎಲ್ಲವನ್ನೂ ಬರೆದುಕೊಂಡ. ಹೇಳಿದವರು ಯಾರು ಎಂಬುದನ್ನು ಮಾತ್ರ ಬರೆದುಕೊಳ್ಳಲಿಲ್ಲ.

ಮೊದಲ ಕೊಡ ತಿಕೋಟಕ್ಕೇ ಹೋಗಬೇಕೆಂದು ಗೈಬುಸಾಬ ಹಟ ಹಿಡಿದ. ಮಗಳು ಮಾಬುಬಿಯನ್ನು ಕೊಟ್ಟದ್ದು ಆ ಊರಿಗೆ. ಹೋದ ವರ್ಷ ಅವಳ ಚೊಚ್ಚಲ ಮಗು ಚಳಿಜ್ವರಕ್ಕೆ ಹೋಗಿತ್ತು, ಈಗ ಮತ್ತೆ ಬಸುರಿ. ಈ ಕೂಸಾದರೂ ಉಳಿಯಲಿ ಎಂಬುದೊಂದೇ ಅವನ ಎದೆಯೊಳಗಿದ್ದದ್ದು. ಚಕ್ಕಡಿಯಲ್ಲಿ ಕೊಡವನ್ನು ತೊಡೆಯ ಮೇಲಿಟ್ಟುಕೊಂಡು, ಮೀನಿಗೆ ಉಸಿರು ಸಿಗಲೆಂದು ದಾರಿಯುದ್ದಕ್ಕೂ ಕೈಯಿಂದ ನೀರು ಕಲಕುತ್ತ ಹೋದ.

ತಿಕೋಟದ ಮೆಟ್ಟಿಲ ಬಾವಿಯ ಹತ್ತಿರ ಊರೇ ಅಡ್ಡ ನಿಂತಿತು. ಹಿರಿಯರಾದ ಶಿವಶರಣಪ್ಪಗೌಡರು ಕೊಡದ ಬಾಯಿಗೆ ಕೈ ಅಡ್ಡ ಹಿಡಿದರು.

"ಕುಡಿಯೂ ನೀರಾಗ ಮೀನ ಬಿಡತೀರೇನು? ಸರಕಾರಕ್ಕ ಬುದ್ಧಿ ಇಲ್ಲಂದ್ರ ನಮಗೂ ಇಲ್ಲೇನು?"

ಸಾಹೇಬ ಹುಕುಂ ಓದಿದ. ಜನ ಬೆನ್ನು ತಿರುಗಿಸಿದರು. ಆಗ ಗೈಬುಸಾಬ ಬೊಗಸೆಯಲ್ಲಿ ನೀರು ಸಮೇತ ಒಂದು ಮೀನೆತ್ತಿ ಗೌಡರ ಮುಂದೆ ಹಿಡಿದ. ಬಿಸಿಲಿಗೆ ಚುಕ್ಕಿ ಫಳ್ಳನೆ ಹೊಳೆಯಿತು.

"ಗೌಡ್ರ, ಇದು ತಿನ್ನೂ ಮೀನಲ್ರಿ. ನೆತ್ತಿ ನೋಡ್ರಿ, ವಿಭೂತಿ ಹಚ್ಚಿಕೊಂಡ ಹುಟ್ಟೇತಿ."

ಗೌಡರು ಬಗ್ಗಿ ನೋಡಿದರು. ಕೈ ತಾನಾಗಿ ಎದೆಯ ಮೇಲಿನ ಲಿಂಗದ ಕಡೆ ಹೋಯಿತು. ಅಷ್ಟಾದ ಮೇಲೆ ಬೇಡ ಎನ್ನುವವರು ಯಾರು? ಸಂಜೆ ಮಗಳ ಓಣಿಯಲ್ಲಿ ಗೊಣಗಿದವರಿಗೆ ಅದೇ ಗೈಬುಸಾಬ, ಇದು ನಮಾಜು ಮಾಡಿ ಮಾಡಿ ಹಣೆಗೆ ಬಿದ್ದ ಕಲೆ ಎಂದ. ಒಂದು ಚುಕ್ಕಿಗೆ ಎರಡು ಸುಳ್ಳು. ಅವನಿಗೆ ನಾಚಿಕೆಯಾಗಲಿಲ್ಲ, ಖುಷಿಯಾಯಿತು.

ಆ ವರ್ಷ ತಿಕೋಟದಲ್ಲಿ ಜ್ವರ ಹೆಚ್ಚು ಏಳಲಿಲ್ಲ. ಮಾಬುಬಿ ಗಂಡು ಹಡೆದಳು, ಫಕ್ರುದ್ದೀನ ಎಂದು ಹೆಸರಿಟ್ಟರು. ಹಸಿದ ಮೀನು ಹುಳ ತಿನ್ನುತ್ತದೆ, ಪವಾಡವೆಂದರೆ ಅಷ್ಟೇ. ಆದರೆ ಊರಿಗೆ ಅಷ್ಟು ಸಾಲಲಿಲ್ಲ. ಸೋಮವಾರ ಒಂದು ಓಣಿಯವರು ಮೀನಿಗೆ ಹರಕೆಯೆಂದು ಬಾವಿಗೆ ಚುರಮುರಿ ಚೆಲ್ಲತೊಡಗಿದರು, ಶುಕ್ರವಾರ ಇನ್ನೊಂದು ಓಣಿಯವರು. ಆಮೇಲೆ ವಾರವಿಡೀ ಯಾರಾದರೊಬ್ಬರು.

ನಲವತ್ತಾರರ ಮಳೆಗಾಲದಲ್ಲಿ ಗೈಬುಸಾಬ ತಿಕೋಟಕ್ಕೆ ಬಂದದ್ದು ಮೊಮ್ಮಗನ ಮಣ್ಣಿಗೆ. ಮೂರು ದಿನದ ಜ್ವರ, ಅಷ್ಟೇ. ಮಣ್ಣಾದ ಮೂರನೆಯ ಬೆಳಿಗ್ಗೆ ಮನೆಯಲ್ಲಿ ಕೂರಲಾಗದೆ ಎದ್ದು ಬಾವಿಗೆ ಹೋದ.

ಮೀನು ಗುರುತೇ ಸಿಗದಷ್ಟು ಕೊಬ್ಬಿದ್ದವು. ನೆನೆದ ಚುರಮುರಿ ನೀರಿನ ಮೇಲೆ ಕೆನೆಗಟ್ಟಿತ್ತು. ಅದರ ಸಂದಿಯಲ್ಲಿ ಸೊಳ್ಳೆಯ ಮರಿಹುಳಗಳು ಸಾವಿರಗಟ್ಟಲೆ ಕುಣಿಯುತ್ತಿದ್ದವು. ಒಂದು ಮೀನು ಅವುಗಳ ಕೆಳಗೇ ಹಾದುಹೋಯಿತು, ಬಾಯಿ ಕೂಡ ತೆರೆಯಲಿಲ್ಲ. ಗೈಬುಸಾಬನಿಗೆ ಎಲ್ಲ ಅರ್ಥವಾಯಿತು. ತಲೆಯ ರುಮಾಲು ಬಿಚ್ಚಿ ಆ ಮೀನನ್ನು ಬಾಚಿದ, ಮೆಟ್ಟಿಲ ಮೇಲೆ ಕುಳಿತಿದ್ದ ಗೌಡರ ಮುಂದೆ ಅದರ ಹೊಟ್ಟೆ ಉಗುರಿನಿಂದ ಸೀಳಿದ.

"ನೋಡ್ರಿ ಗೌಡ್ರ! ಬರೇ ಚುರಮುರಿ. ಒಂದ ಹುಳಾ ಇಲ್ಲ. ಇವಕ್ಕ ಉಣಸಬ್ಯಾಡ್ರಿ, ಉಣಸಿದ್ರ ಸೊಳ್ಳಿ ಬೆಳಿತಾವು. ನನ್ನ ಮೊಮ್ಮಗ ಹೋದ, ನಿಮ್ಮ ಮನ್ಯಾಗೂ ಹೋಗತಾರ."

ನೀರಿಗೆ ಬಂದ ಹೆಂಗಸರು ಹೌಹಾರಿದರು. ಗೌಡರ ಕಣ್ಣು ಸತ್ತ ಮೀನಿನ ನೆತ್ತಿಯ ಮೇಲೆ ನಿಂತಿತ್ತು. ಚುಕ್ಕಿ ನೋಡನೋಡುತ್ತ ಮಾಸುತ್ತಿತ್ತು.

"ನೀ ಕೊಂದಿ, ವಿಭೂತಿ ಅಳಿಸಿಹೋತು. ಇನ್ನೇನ ಸಾಕ್ಷಿ ಬೇಕು?"

"ಅದು ವಿಭೂತಿ ಅಲ್ರಿ. ಈ ಜಾತಿ ಮೀನಿಗೆಲ್ಲಾ ಚುಕ್ಕಿ ಇರತೈತಿ, ಸ್ಟೇಶನ್ ಹಿಂದಿನ ಹೊಲಸ ಹೊಂಡದಾಗೂ ಅವ ಅದಾವ. ನಾ ಸುಳ್ಳ ಹೇಳಿದ್ನಿ ಗೌಡ್ರ, ನೀವು ಬಿಡಾಕ ಒಪ್ಪಲಿ ಅಂತ."

ಅವರು ಬೈದಿದ್ದರೆ ಗೈಬುಸಾಬ ತಡೆದುಕೊಳ್ಳುತ್ತಿದ್ದ. ಗೌಡರು ಮೆಲ್ಲಗೆ ಅವನ ಹೆಗಲ ಮೇಲೆ ಕೈಯಿಟ್ಟರು. "ಕೂಸು ಹೋದ ಸಂಕಟಕ್ಕ ಹಿಂಗ ಮಾತಾಡಾಕತ್ತಾನ. ಯಾರೂ ಏನೂ ಅನಬ್ಯಾಡ್ರಿ." ಹೇಳಿದ ಸುಳ್ಳನ್ನು ಕಣ್ಣಿಗೊತ್ತಿಕೊಂಡ ಊರು ಖರೇ ಮಾತಿಗೆ ಅಯ್ಯೋ ಪಾಪ ಎಂದಿತು.

ಅಷ್ಟರಲ್ಲಿ ಮಾಬುಬಿ ಮೆಟ್ಟಿಲಿಳಿದು ಬಂದಳು. ಅತ್ತು ಅತ್ತು ಮುಖ ಬಾತಿತ್ತು. ಸೆರಗಿನ ತುದಿಯಲ್ಲಿ ಚುರಮುರಿಯ ಗಂಟು.

"ಏನ ಸುಳ್ಳ ಅಬ್ಬಾ? ಏನಂದಿ ಈಗ?"

ಗೈಬುಸಾಬ ಗಂಟನ್ನೇ ನೋಡುತ್ತ ನಿಂತ. "ದಿನಾ ತರತೀಯೇನು ಬೇಟಾ?" ಎಂದ.

"ಶುಕ್ರವಾರಕ್ಕೊಮ್ಮಿ ತಪ್ಪದಂಗ ತರತಿದ್ದೆ, ಫಕ್ರೂನ ಹೆಸರಲೆ. ಅವನ ಕೈಲೆನ ಚೆಲ್ಲಸತಿದ್ದೆ. ಹೋದ ತಿಂಗಳ ಎರಡ ಶುಕ್ರವಾರ ಆಗಲಿಲ್ಲ."

"ಮಗಳ ಮುಂದ ಹೇಳು ಗೈಬು," ಎಂದರು ಗೌಡರು. "ಚುಕ್ಕಿ ಖರೇನೋ, ಸುಳ್ಳೋ?"

ಸುಳ್ಳು ಎಂದರೆ, ಅವಳು ತನ್ನ ಕೈಯಾರೆ, ಮಗನ ಕೈಯಾರೆ, ವಾರವಾರ ಸೊಳ್ಳೆ ಸಾಕಿದಂತಾಗುತ್ತಿತ್ತು. ಅದನ್ನು ಕೇಳಿ ಈ ಹುಡುಗಿ ಬಾವಿಗೆ ಹಾರದೆ ಇರುವಳೇ? ಗೈಬುಸಾಬ ಸತ್ತ ಮೀನನ್ನು ರುಮಾಲಿನಲ್ಲಿ ಮುಚ್ಚಿದ.

"ಖರೇ ಐತಿ," ಎಂದ.

ಹೆಂಗಸರು ನಿಟ್ಟುಸಿರು ಬಿಟ್ಟರು. ಗೌಡರು ತಲೆಯಾಡಿಸಿದರು. ಮಾಬುಬಿ ಮಾತ್ರ ಅಪ್ಪನ ಮುಖ ನೋಡುತ್ತ ನಿಂತಳು, ಆಮೇಲೆ ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಚುರಮುರಿಯನ್ನು ನೀರಿಗೆ ಚೆಲ್ಲಿದಳು.

"ಹಂಗಾರ ಆ ಎರಡ ಶುಕ್ರವಾರಕ್ಕನ ಹೋದ ಅವಾ. ತಪ್ಪ ನಂದ ಅಬ್ಬಾ," ಎಂದಳು.