ಆರನೇ ಗುಂಡಿ

ಟೈಲರಣ್ಣನಿಗೆ ಉಬ್ಬಸ ಹಳೇ ನೆಂಟ. ಹದಿನೈದು ವರ್ಷವಾದರೂ ಮನೆ ಬಿಟ್ಟು ಹೋಗಿಲ್ಲ. ಹಾಗಾಗಿ ಸೋಮವಾರ ಬೆಳಿಗ್ಗೆ ಉಸಿರಾಟದ ಪಂಪು ಬಾಯಿಗಿಟ್ಟು ಒತ್ತಿಕೊಂಡ ಕೂಡಲೇ ಅವನು ಕಣ್ಣಲ್ಲಿ ನೀರು ಬರುವಂತೆ ಕೆಮ್ಮಿದಾಗ, ಅಂಗಡಿಗೆ ಬಂದವರು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಹೆಂಡತಿ ಮಾತ್ರ ಕೆಡಿಸಿಕೊಂಡಳು. ಗಂಡನ ಕೆಮ್ಮನ್ನು ಹೊಲಿಗೆ ಮಷೀನಿನ ಸದ್ದಿನಷ್ಟೇ ಬಲ್ಲವಳು ಅವಳು. ಇದು ಹಳೇ ಕೆಮ್ಮಲ್ಲ. ಎದೆಯ ಒಂದೇ ಕಡೆ ಸೀಟಿ ಊದಿದಂಥ ಸದ್ದು.

ಆಸ್ಪತ್ರೆಗೆ ಹೋಗೋಣವೆಂದರೆ ಅವನದು ಒಂದೇ ಹಾಡು.

"ಹಳೇ ಕಾಯಿಲೆ ಕಣೇ. ಇನ್ನೆರಡು ಸಲ ಪಂಪ್ ಹೊಡ್ಕೊಂಡ್ರೆ ಸರಿಹೋಗುತ್ತೆ."

ಮೂರು ದಿನವಾದರೂ ಸರಿಹೋಗಲಿಲ್ಲ. ನಾಲ್ಕು ಸಲ ಪೆಡಲು ತುಳಿದರೆ ಏದುಸಿರು. ಅವಳಿಗೆ ಊಟ ಸೇರದಷ್ಟು ಭಯ. ಇದರ ನಡುವೆ ಪಕ್ಕದ ಬೀದಿಯ ನರ್ಸಮ್ಮನ ಕೋಟಿಗೆ ಆರು ಗುಂಡಿ ಹಾಕಬೇಕು, ಇರುವುದು ಐದೇ. ಜೇಬಿನಲ್ಲೇ ಹಾಕಿಕೊಂಡಿದ್ದೆನಲ್ಲ ಎಂದು ಅವನ ಗೊಣಗಾಟ.

ಗುರುವಾರ ಕೋಟಿಗೆಂದು ಬಂದ ನರ್ಸಮ್ಮ ಅವನ ಉಸಿರು ಕೇಳಿದಳು. ಜೇಬಿನಿಂದ ಇಣುಕುತ್ತಿದ್ದ ಪಂಪನ್ನೂ ನೋಡಿದಳು.

"ಅಣ್ಣಾ, ಇದರ ಮುಚ್ಚಳ ಎಲ್ಲಿ?"

ಅವನು ಮಷೀನಿನ ಕಡೆ ಕೈ ತೋರಿಸಿದ. ಮುಚ್ಚಳದ ತುಂಬ ಗುಂಡುಸೂಜಿ. ಅಂಥ ಅಂದದ ಪುಟ್ಟ ಬಟ್ಟಲನ್ನು ಯಾವ ಟೈಲರು ಸುಮ್ಮನೆ ಬಿಟ್ಟಾನು?

ನರ್ಸಮ್ಮ ನಗಲಿಲ್ಲ. ಕೆಮ್ಮು ಯಾವಾಗ ಶುರುವಾಯಿತು ಎಂದು ಕೇಳಿದಳು. ಪಂಪು ಒತ್ತಿಕೊಂಡ ಆ ಗಳಿಗೆಯಿಂದಲೇ ಎಂದಳು ಹೆಂಡತಿ. ಹೇಳುತ್ತ ಹೇಳುತ್ತಲೇ ಅವಳ ಕಣ್ಣು ಐದು ಗುಂಡಿಗಳ ಮೇಲೆ ಹೋಯಿತು.

"ಅಪರೂಪ, ಆದ್ರೂ ಆಗುತ್ತೆ," ಎಂದಳು ನರ್ಸಮ್ಮ. "ಜೇಬಲ್ಲಿರೋ ಸಣ್ಣಪುಟ್ಟದ್ದು ಪಂಪಿನ ಬಾಯೊಳಗೆ ಸೇರ್ಕೊಂಡು, ಉಸಿರೆಳೆದಾಗ ಒಳಗೆ ಹೋಗ್ಬಿಡುತ್ತೆ. ಈಗ್ಲೇ ಹೊರಡಿ."

ಕೋಟು ಮುಗಿಸಿಯೇ ಬರುತ್ತೇನೆಂದು ಟೈಲರಣ್ಣ ರಾಗ ಎಳೆದ.

"ಕೋಟು ಕಾಯುತ್ತೆ ರೀ, ಉಸಿರು ಕಾಯಲ್ಲ," ಎಂದು ಹೆಂಡತಿ ಮಷೀನಿನ ದೀಪ ಆರಿಸಿದಳು.

ದೊಡ್ಡ ಆಸ್ಪತ್ರೆಯಲ್ಲಿ ಸಣ್ಣ ಕೊಳವೆ ಇಳಿಸಿ, ಬಲಗಡೆಯ ಉಸಿರುನಾಳದಿಂದ ಹೊರಗೆ ತೆಗೆದರು: ಬಿಳಿ ಗುಂಡಿ, ಆರನೆಯದು. ಇನ್ನೂ ತಡ ಮಾಡಿದ್ದರೆ ಒಳಗೆ ಕೀವುಗಟ್ಟಬಹುದಿತ್ತು ಎಂದರು ಡಾಕ್ಟರು.

ನರ್ಸಮ್ಮನ ಕೋಟಿಗೆ ಬೇರೆ ಗುಂಡಿ ಬಿತ್ತು. ಟೈಲರಣ್ಣ ಪಂಪಿಗೆಂದೇ ಒಂದು ಚೀಲ ಹೊಲಿದ. ಅದರ ಬಾಯಿಗೆ ಹೆಂಡತಿ ಹಾಕಿದ್ದು ಅದೇ ಆರನೇ ಗುಂಡಿ.

ನಿಮ್ಮ ಮನೆಯಲ್ಲೂ ಪಂಪು ಬಳಸುವವರಿದ್ದಾರೆಯೇ? ಔಷಧಿ ಬಿಡಬೇಡಿ, ಮುಚ್ಚಳವನ್ನೂ ಬಿಡಬೇಡಿ. ಬಾಯಿಗಿಡುವ ಮುಂಚೆ ಪ್ರತಿ ಸಲ ಒಳಗೆ ನೋಡಿ, ಅಲ್ಲಾಡಿಸಿ. ಕೆಮ್ಮಿನ ಸದ್ದು ಇದ್ದಕ್ಕಿದ್ದಂತೆ ಬದಲಾದರೆ ಹಳೇ ಕಾಯಿಲೆಯ ತಲೆಗೆ ಕಟ್ಟಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಸರಿ, ಈಗ ಏಳಿ. ನಿಮ್ಮ ಮನೆಯ ಪಂಪಿನ ಮುಚ್ಚಳ ಎಲ್ಲಿದೆ, ಒಮ್ಮೆ ನೋಡಿ ಬನ್ನಿ.