ಲೇತಿನ ಹಣೆಯ ಕುಂಕುಮ

ಡೆನಿಸನ ಕೈಯಲ್ಲಿ ಒರೆಸುವ ಬಟ್ಟೆ ಇಲ್ಲ ಇವತ್ತು, ನಗುತ್ತಿದ್ದಾನೆ, ಫೋರ್‌ಮನ್ ನಕ್ಕರೆ ಒಳ್ಳೆಯದೇ ಅಲ್ಲವೇ ಶಿವನೇ, ಆದರೂ — ಇಷ್ಟು ವರ್ಷ ಪ್ರತಿ ನವರಾತ್ರಿಯ ಖಂಡೆ ಪೂಜೆಗೂ ನಾನು ಕಬ್ಬಿಣ ಕಡೆಯುವ ಈ ಲೇತಿನ ಹಣೆಗೆ ಕುಂಕುಮ ಹಚ್ಚುವುದು, ಅವನು ಬಂದು ಒರೆಸುವುದು, ಶಾನ್, ಇದು ಕಾರ್ಖಾನೆ, ನಿಮ್ಮ ಗುಡಿ ಅಲ್ಲ, ಇವತ್ತು ಮಾತ್ರ ಹಚ್ಚು ಹಚ್ಚು, ಇರಲಿ ಬಿಡು ಶಾಂತಪ್ಪಾ ಎಂದ, ಶಾನ್ ಅಲ್ಲ, ಪೂರ್ತಿ ಹೆಸರು, ಎಲ್ಲಿ ಕಲಿತ, ಯಾಕೆ ಕಲಿತ, ಪಕ್ಕದ ಯಂತ್ರದಿಂದ ಅಮೃತಪ್ಪ, ಅವಗ ದೇವರು ಬುದ್ಧಿ ಕೊಟ್ಟಾನ ಬಿಡಪಾ, ನಿನಗ ಬೈದ್ರೂ ಸಂಶಯ, ಬೈಲಿಲ್ಲಂದ್ರೂ ಸಂಶಯ, ಹೆಣ್ತಿ ಜೋಡೀನೂ ಹಿಂಗ ಬಾಳೇ ಮಾಡ್ತೀ ಏನು — ಅವನಿಗೆ ತಮಾಷೆ, ಅವನ ಮಗಳು ಬ್ಯಾಂಕಿನಲ್ಲಿದ್ದಾಳೆ, ನನಗೋ ಐವತ್ತಾರು, ಈ ಕೆಲಸ ಹೋದರೆ ಈ ಕೈಗಳನ್ನು ಇನ್ಯಾರು ಕೇಳುತ್ತಾರೆ, ಅರವತ್ತಾರನೇ ಇಸವಿಯಲ್ಲಿ ಈ ಇಂಗ್ಲಿಷರ ನಾಡಿಗೆ ಬಂದಾಗ ಹಾಗಿರಲಿಲ್ಲ, ಯುದ್ಧದಿಂದ ಎದ್ದ ದೇಶ ಇನ್ನೂ ಕಟ್ಟಿಕೊಳ್ಳುತ್ತಲೇ ಇತ್ತು, ಕೈ ಬೇಕು ಕೈ ಬೇಕು ಎಂದು ಈ ಪಾರ್ಕ್ ರಾಯಲ್‌ನ ಕಾರ್ಖಾನೆ ಗೇಟುಗಳೇ ಕೂಗುತ್ತಿದ್ದವು, ಶುಕ್ರವಾರ ಜಗಳವಾಡಿ ಕೆಲಸ ಬಿಟ್ಟವನಿಗೆ ಸೋಮವಾರ ಎದುರಿನ ಕಾರ್ಖಾನೆಯಲ್ಲಿ ಚಹಾ, ಈಗ ತೊಂಬತ್ತೊಂದು, ಎದುರಿನದು ಸೋಫಾ ಮಾರುವ ಅಂಗಡಿ, ಅದರಾಚೆಯದಕ್ಕೆ ಬೀಗ, ಬೆಳಗಿನ ಟ್ಯೂಬ್ ರೈಲಿನಲ್ಲಿ ಬುತ್ತಿ ಹಿಡಿದು ಕೂತವನು ನಾನೊಬ್ಬನೇ — ಹೊರಡುವಾಗ ಹೆಂಡತಿ ಪಾರ್ವತೆವ್ವ, ಹೋಳಿಗಿ ಒಯ್ಯಿರಿ, ನಿಮ್ಮ ಸಾಹೇಬಗೂ ಒಂದು ಕೊಡ್ರಿ, ತಿಂದರ ಬಾಯಿ ಮೆತ್ತಗಾದೀತು, ಕೊಟ್ಟೆ, ತಿಂದ, ಕಣ್ಣು ಮೇಲೆತ್ತಲಿಲ್ಲ, ಹೋಳಿಗೆ — ಊರಲ್ಲಿ ನಮ್ಮ ಎತ್ತು ಕರಿಯನನ್ನು ಮಾರುವ ಹಿಂದಿನ ದಿನ ಅಜ್ಜ ಅದರ ಮೈ ತೊಳೆದು ಹೋಳಿಗೆ ತಿನ್ನಿಸಿದ್ದ, ಹಬ್ಬವೆಂದೇ ತಿಳಿಯಿತು ಆ ಎತ್ತು, ಅಜ್ಜನ ಅಂಗೈ ನೆಕ್ಕಿತು, ಮರುದಿನ ಸಂತೆಯಲ್ಲಿ ಯಾರೋ ಎರಡು ಬೆರಳು ತೂರಿಸಿ ಅದರ ತುಟಿ ಬಿಡಿಸಿ ಹಲ್ಲು ನೋಡುತ್ತಿದ್ದರೆ ಅಜ್ಜ ಆಚೆ ತಿರುಗಿ ನಿಂತಿದ್ದ, ಛೆ, ಹಬ್ಬದ ದಿನ ಕೆಟ್ಟದ್ದನ್ನು ನೆನೆಯಬಾರದು, ಓಂ ನಮಃ ಶಿವಾಯ, ಎರಡು ಬೆರಳು, ತುಟಿ — ಡೆನಿಸ್, ಮುಂದಿನ ವರ್ಷವೂ ಹಚ್ಚಲೇ, ಕೇಳಿಯೇಬಿಟ್ಟೆ, ಬಾಗಿಲ ಕಡೆ ನೋಡುತ್ತಾನೆ, ಸೂಟು ತೊಟ್ಟ ಇಬ್ಬರು, ಹೊಸಬರು, ಕೈಯಲ್ಲಿ ಯಂತ್ರಗಳ ಬೆಲೆಪಟ್ಟಿ, ಒಬ್ಬ ನೇರ ನನ್ನ ಲೇತಿನ ಬಳಿಗೇ, ನನಗೊಂದು ಗುಡ್ ಮಾರ್ನಿಂಗ್ ಇಲ್ಲ, ಸ್ವಲ್ಪ ಸರಿಯಪ್ಪಾ, ಸರಿದೆ, ಲೇತಿನ ಹಣೆ ಮುಟ್ಟಿದ, ಕೆಂಪಾದ ಬೆರಳನ್ನು ಮೂಗಿಗೆ ಹಿಡಿದ, ಇದೇನು ತುಕ್ಕಾ, ಅಲ್ಲ ಎನ್ನು ಡೆನಿಸ್, ಒಂದು ಮಾತು ಹೇಳು, ಡೆನಿಸ್ ಆಚೆ ತಿರುಗಿ ನಿಂತ — ಆಚೆ ತಿರುಗಿ — ಕಬ್ಬಿಣವನ್ನು ಕಚ್ಚಿ ಹಿಡಿಯುವ ಅದರ ಬಾಯೊಳಗೆ ಎರಡು ಬೆರಳು, ಸವರುತ್ತಿವೆ, ಬಗ್ಗಿ ನೋಡುತ್ತಿದ್ದಾನೆ, ಎರಡು ಬೆರಳು, ಒಳಗೆ, ಎರಡು ಬೆರಳು